ತಲ್ಲಣವೂ ಧಾನ್ಯವೂ: ಕನಕದಾಸರ ಎರಡು ಕೃತಿಗಳ ಜೋಡಿ ಓದು

ಸಂಪತ್ತು ಮನುಷ್ಯನನ್ನು ಕಾಯಲಾರದು, ದೈವವೊಂದೇ ಕಾಯಬಲ್ಲುದು ಎಂಬ ಭಾವ ಹರಿದಾಸ ಸಾಹಿತ್ಯದ ಉದ್ದಕ್ಕೂ ಹರಿದುಬಂದಿದೆ. ಇದರ ವಿರುದ್ಧ ಒಂದು ಆಕ್ಷೇಪವೂ ಉಂಟು. ನಾಳಿನ ಚಿಂತೆಯನ್ನು ದೇವರಿಗೊಪ್ಪಿಸು ಎನ್ನುವುದು ಹಸಿದವನನ್ನು ಸುಮ್ಮನಿರಿಸುವ ಉಪದೇಶವಲ್ಲವೇ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದುದರಿಂದ ಕನಕದಾಸರ ‘ತಲ್ಲಣಿಸದಿರು’ ಕೀರ್ತನೆಯನ್ನು ಅವರದೇ ‘ರಾಮಧಾನ್ಯಚರಿತೆ’ಯ ಜೊತೆಗಿಟ್ಟು ನೋಡಲು ನಾವು ಇಲ್ಲಿ ಪ್ರಯತ್ನಿಸಿದ್ದೇವೆ.

ಕೀರ್ತನೆಯಲ್ಲಿ ಮೊದಲು ಗಮನಿಸಬೇಕಾದದ್ದು ಅದರ ಸಂಬೋಧನೆ. ಕವಿ ಮಾತನಾಡುತ್ತಿರುವುದು ಭಕ್ತಸಮೂಹದೊಡನೆಯಲ್ಲ, ತನ್ನ ಮನಸ್ಸಿನೊಡನೆ. ಎರಡನೆಯದು ಅದರ ಪ್ರಶ್ನಾರೂಪ. ಬೆಟ್ಟದ ತುದಿಯ ಮರ, ಅಡವಿಯ ಮೃಗಪಕ್ಷಿಗಳು, ಕಲ್ಲೊಳಗಿನ ಕಪ್ಪೆ ಇವುಗಳನ್ನು ಪೋಷಿಸಿದವರು ಯಾರೆಂದು ಕವಿ ಕೇಳುತ್ತಾ ಹೋಗುತ್ತಾನೆ. ಈ ಜೀವಿಗಳಲ್ಲಿ ಯಾವುದಕ್ಕೂ ಕಣಜವಿಲ್ಲ. ನಡುವೆ ನವಿಲು, ಗಿಳಿಗಳ ಬಣ್ಣದ ಮಾತು ಬರುತ್ತದೆ. ಬಣ್ಣ ಹೊಟ್ಟೆ ತುಂಬಿಸುವ ವಸ್ತುವಲ್ಲ. ಹೀಗೆ ಕವಿಯ ಭರವಸೆ ಕೇವಲ ಬದುಕುಳಿಯುವಿಕೆಯ ಲೆಕ್ಕಾಚಾರವಾಗದೆ, ಅಗತ್ಯವನ್ನು ಮೀರಿದ ಕೊಡುಗೆಯ ಅರಿವಾಗುತ್ತದೆ. ಇಲ್ಲಿ ನಿಷೇಧಕ್ಕೊಳಗಾದುದು ತಲ್ಲಣ. ದುಡಿಮೆಯನ್ನು ಬಿಡೆಂಬ ಮಾತು ಕೀರ್ತನೆಯಲ್ಲಿ ಎಲ್ಲಿಯೂ ಇಲ್ಲ.

ಭಾಮಿನಿ ಷಟ್ಪದಿಯ ‘ರಾಮಧಾನ್ಯಚರಿತೆ’ ಇದೇ ಕವಿಯ ಇನ್ನೊಂದು ಮುಖ. ನರೆದಲೆಗ ಮತ್ತು ವ್ರೀಹಿ, ಎಂದರೆ ರಾಗಿ ಮತ್ತು ಭತ್ತ, ತಮ್ಮಲ್ಲಿ ಶ್ರೇಷ್ಠರಾರೆಂದು ಜಗಳವಾಡುತ್ತವೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತ ಸತ್ತ್ವಗುಂದಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ಇದನ್ನು ಸಾಮಾಜಿಕ ಮೇಲು-ಕೀಳಿನ ರೂಪಕವೆಂದು ವಿಮರ್ಶಕರು ಓದಿದ್ದಾರೆ. ಆ ಓದು ಸಮರ್ಪಕವೇ. ಆದರೆ ರೂಪಕ ನಿಂತಿರುವುದು ಒಕ್ಕಲುತನದ ಒಂದು ವಾಸ್ತವದ ಮೇಲೆ. ರಾಗಿ ದೀರ್ಘಕಾಲ ಕೆಡದೆ ಉಳಿಯುವ ಧಾನ್ಯ. ಮಳೆ ಕೈಕೊಟ್ಟ ಕ್ಷಾಮದಲ್ಲಿ ಜೀವಗಳನ್ನು ಸಲಹುವೆನೆಂಬುದೇ ಕಾವ್ಯದಲ್ಲಿ ಅದರ ವಾದ.

ಇಲ್ಲೊಂದು ವಿರೋಧ ಕಾಣುತ್ತದೆ. ಕೀರ್ತನೆ ಕಣಜವಿಲ್ಲದ ಜೀವಿಗಳನ್ನು ತೋರಿಸಿ ಧೈರ್ಯ ಹೇಳಿದರೆ, ಕಾವ್ಯ ಕಣಜದಲ್ಲಿ ಉಳಿಯಬಲ್ಲ ಕಾಳಿಗೆ ಕಿರೀಟವಿಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ವಿರೋಧ ಮೇಲ್ನೋಟದ್ದು. ಕಾವ್ಯದಲ್ಲಿ ರಾಗಿ ಗೆಲ್ಲುವುದು ಬಡವರ ಪಾಲಿಗೆ ಒದಗುವ ಕಾರಣಕ್ಕೆ. ಭತ್ತದ ಮೇಲಿನ ದೂರು ಅದು ಸಿರಿವಂತರ ಸಂಗ ಹುಡುಕುತ್ತದೆ ಎಂಬುದು. ಹಂಚಿ ಸಲಹುವ ಸಂಗ್ರಹವನ್ನು ಕನಕದಾಸರು ತಿರಸ್ಕರಿಸಲಿಲ್ಲ. ತನ್ನನ್ನು ತಾನೇ ಕಾದುಕೊಳ್ಳುವೆನೆಂಬ ಸಂಗ್ರಹದ ಅಹಂಕಾರವನ್ನು ತಿರಸ್ಕರಿಸಿದರು. ಬಾಡದ ನಾಯಕನಾಗಿದ್ದವನು ಅಧಿಕಾರ ತೊರೆದು ದಾಸನಾದನೆಂಬ ಐತಿಹ್ಯವೂ ಈ ನಿಲುವಿಗೆ ಹೊಂದಿಕೆಯಾಗುತ್ತದೆ.

ಹಾಗೆಂದು ಮೊದಲಿನ ಆಕ್ಷೇಪ ಪೂರ್ತಿ ಅಳಿಯುವುದಿಲ್ಲ. ತನ್ನ ಮನಸ್ಸಿಗೆ ಹೇಳಿಕೊಂಡ ಸಾಂತ್ವನವನ್ನು ತುಂಬಿದ ಕಣಜದವನು ಹಸಿದವನಿಗೆ ಹಾಡಿ ಹೇಳಿದರೆ ಅದರ ಅರ್ಥವೇ ಕೆಡುತ್ತದೆ. ಯಾರು ಯಾರಿಗೆ ಹಾಡುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕೀರ್ತನೆಗಳ ಅಧ್ಯಯನದಲ್ಲಿ ಬಿಡಲಾಗದು.

ಹೊರನಾಡಿನ ಅಭ್ಯಾಸಿಗಳಿಗೆ ಇಲ್ಲಿ ತೌಲನಿಕ ಶೋಧನೆಗೆ ಅವಕಾಶವಿದೆ. 1630ರ ದಖ್ಖನದ ಘೋರ ಕ್ಷಾಮವನ್ನು ಕಂಡ ದೇಹುವಿನ ತುಕಾರಾಮರು ತಮಗೆ ಬರಬೇಕಾಗಿದ್ದ ಸಾಲದ ಪತ್ರಗಳನ್ನು ಇಂದ್ರಾಯಣಿ ನದಿಗೆ ಹಾಕಿದರೆಂದು ಪರಂಪರೆ ಹೇಳುತ್ತದೆ. ಅಲ್ಲಿಯೂ ದೈವದ ಭರವಸೆ ಮೊದಲು ಸಡಿಲಿಸಿದ್ದು ಇನ್ನೊಬ್ಬರ ಕೊರಳಿನ ಕುಣಿಕೆಯನ್ನು. ದೈವವನ್ನು ನಂಬಿದವನು ಏನನ್ನು ಬಿಟ್ಟನು ಎಂಬುದರ ಜೊತೆಗೆ, ಬಿಟ್ಟದ್ದರಿಂದ ಯಾರಿಗೆ ಉಸಿರಾಡಲು ಅನುವಾಯಿತು ಎಂಬುದನ್ನೂ ಕೇಳಿದಾಗಲೇ ಭಕ್ತಿಸಾಹಿತ್ಯದ ಮೌಲ್ಯನಿರ್ಣಯ ಪೂರ್ಣವಾದೀತೆಂದು ನಾವು ಭಾವಿಸುತ್ತೇವೆ.