ಮುಮ್ಮೇಳ ಬಿಟ್ಟು ಹಿಮ್ಮೇಳಕ್ಕೆ ಬಂದ ಯಜಮಾನ

ಕಬ್ಬಿನ ಸೀಸನ್ನಿನಲ್ಲಿ ಗೋಕಾಕದಿಂದ ಹುಕ್ಕೇರಿಗೆ ಹೋಗಿದ್ದೀರಾ? ಬಸ್ಸಿನ ಮುಂದೊಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಡ್ರೈವರ್ ಪಕ್ಕ ದೊಡ್ಡ ಸ್ಪೀಕರು. ಹಾಡು ಯಾವುದು ಅಂತ ಗೊತ್ತಾಗಲ್ಲ, ಎದೆಗೆ ಬಡಿಯೋದು ಬರೀ ಬೇಸ್. ಅಂಥ ಒಂದು ಟ್ರ್ಯಾಕ್ಟರಿನ ಹಿಂದೆ ತೆವಳುತ್ತಾ ನಾನು ‘ಬ್ರಿಟಿಷ್ ಲಯನ್’ ಆಲ್ಬಂ ಅನ್ನು ಎರಡನೇ ಸಲ ಕೇಳಿದೆ. ಮೊದಲ ಸಲ ಕೇಳಿದಾಗ ನಕ್ಕು ಬದಿಗಿಟ್ಟಿದ್ದೆ.

ಸ್ಟೀವ್ ಹ್ಯಾರಿಸ್ 1975ರಲ್ಲಿ ಲಂಡನ್ನಿನಲ್ಲಿ ಐರನ್ ಮೇಡನ್ ಕಟ್ಟಿದವನು. ಇವತ್ತಿಗೂ ಅದರ ಬೇಸ್ ವಾದಕ ಮತ್ತು ಯಜಮಾನ ಅವನೇ. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮಲ್ಲಿ ಎಷ್ಟೋ ಜನ ಆಫೀಸಿಗೆ, ಕಾಲೇಜಿಗೆ ಸುಳ್ಳು ಹೇಳಿ ಹೋಗಿದ್ವಿ. ಬ್ರಿಟಿಷ್ ಲಯನ್ ಅವನ ಸೈಡ್ ಪ್ರಾಜೆಕ್ಟ್. ಮೊದಲ ಆಲ್ಬಂ ಬಂದದ್ದು 2012ರಲ್ಲಿ, ಎರಡನೆಯದು ‘ದಿ ಬರ್ನಿಂಗ್’ 2020ರ ಜನವರಿಯಲ್ಲಿ.

ಸೈಡ್ ಪ್ರಾಜೆಕ್ಟ್ ಅಂದ್ರೆ ಸಾಮಾನ್ಯವಾಗಿ ಹಿಂದೆ ನಿಂತವನು ಮುಂದೆ ಬರೋ ಅವಕಾಶ. ಇಲ್ಲಿ ಉಲ್ಟಾ. ಮೇಡನ್‌ನಲ್ಲಿ ಹ್ಯಾರಿಸ್‌ನ ಬೇಸ್ ಕುದುರೆ ಓಡಿದ ಹಾಗೆ ಎಲ್ಲರಿಗಿಂತ ಮುಂದೆ. ಬ್ರಿಟಿಷ್ ಲಯನ್‌ನಲ್ಲಿ ಅದು ಹಾಡಿನ ಕೆಳಗೆ ಕೂತು ಧಾಟಿಯನ್ನು ಎತ್ತಿ ಹಿಡಿಯುತ್ತೆ. ಮೂಡಲಗಿ ತಾಲ್ಲೂಕಿನ ಕುಲಗೋಡ ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಊರು. ಪಾರಿಜಾತ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತೆ: ಹಿಮ್ಮೇಳದವರು ಸಾಲು ಎತ್ತಿಕೊಳ್ಳದಿದ್ದರೆ ಸತ್ಯಭಾಮೆಯ ಸಿಟ್ಟೂ ಸಪ್ಪೆ.

ಹಾಗಾದರೆ ಮೊದಲ ಆಲ್ಬಂ ಯಾಕೆ ಸೋತಿತು? ನಾವೆಲ್ಲ ತಪ್ಪು ಹೊರಿಸಿದ್ದು ಗಾಯಕ ರಿಚರ್ಡ್ ಟೇಲರ್ ಮೇಲೆ. ಬ್ರೂಸ್ ಡಿಕಿನ್ಸನ್‌ನ ಸೈರನ್ ದನಿಗೆ ಪಳಗಿದ ಕಿವಿಗೆ ಇವನದು ಪೀಚು ಅನ್ನಿಸಿತ್ತು. ಆದರೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಕಾಕಾ ಒಂದು ಇಯರ್‌ಫೋನ್ ಕಿವಿಗಿಟ್ಟುಕೊಂಡು ಕೇಳಿದ್ದೇ ಬೇರೆ: “ಹಾಡಾಂವ ಎಲ್ಲಿ ಅದಾನೋ? ಬರೇ ಬಡಿಯಾಕತ್ತಾರಲ್ಲ!” ಕಾಕಾ ಪಾರಿಜಾತದ ಹುಚ್ಚ. ಇಂಗ್ಲಿಷ್ ಬರಲ್ಲ, ಮೇಡನ್ ಗೊತ್ತಿಲ್ಲ. ಅದಕ್ಕೇ ಸರಿಯಾಗಿ ಕೇಳಿಸಿಕೊಂಡ. ಟೇಲರ್ ಹಾಡ್ತಾ ಇದ್ದಾನೆ, ಅವನನ್ನು ಗಿಟಾರುಗಳ ಗೋಡೆಯೊಳಗೆ ಹೂತಿದ್ದಾರೆ. ತಪ್ಪು ಮಿಕ್ಸಿನದು, ಗಂಟಲಿನದಲ್ಲ. ‘ಅಸ್ ಅಗೇನ್ಸ್ಟ್ ದ ವರ್ಲ್ಡ್’, ‘ದ ಚೋಸನ್ ಒನ್ಸ್’ ಧಾಟಿಗಳನ್ನೇ ಗುನುಗಿ ನೋಡಿ, 70ರ ದಶಕದ ಯುಎಫ್ಓ ನೆನಪಾಗುವಷ್ಟು ಚೆಂದ.

‘ದಿ ಬರ್ನಿಂಗ್’ ಹಾಕಿದೆ. ಎರಡು ನಿಮಿಷ ಕೇಳಿ ಕಾಕಾ ಅಂದ: “ಈಗ ಆಂವ ಮುಂದ ನಿಂತಾನ ನೋಡು.” ನಡುವಿನ ವರ್ಷಗಳಲ್ಲಿ ಇವರು ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ನುಡಿಸಿ ಒಂದು ತಂಡವಾಗಿದ್ದರು. ಟೇಲರ್ ಕಿರುಚಲ್ಲ, ಎದುರು ಕೂತು ಮಾತಾಡಿದ ಹಾಗೆ ಹಾಡ್ತಾನೆ, ಆ ಹಾಡುಗಳಿಗೆ ಬೇಕಾದದ್ದೂ ಅದೇ. ಹಾಗಂತ ಇದು ಮಹಾಕೃತಿ ಅಲ್ಲ ಬಿಡಿ. ಹನ್ನೊಂದರಲ್ಲಿ ಮೂರು ಹಾಡು ಕಡಿಮೆ ಇದ್ದರೆ ಒಳ್ಳೇದಿತ್ತು. ಪಲ್ಲವಿಯನ್ನು ಮತ್ತೆ ಮತ್ತೆ ತಿರುವೋ ಮೇಡನ್ ಚಟವೂ ಹೋಗಿಲ್ಲ.

ನಮ್ಮ ಸೈಡ್ ಪ್ರಾಜೆಕ್ಟುಗಳು ರೆಸ್ಯೂಮೆಯ ಒಂದು ಸಾಲಿಗಾಗಿ ಹುಟ್ಟುತ್ತವೆ. ಸ್ಟೇಡಿಯಂ ತುಂಬಿಸೋ ಮನುಷ್ಯ ಕ್ಲಬ್ಬಿನಲ್ಲಿ ಇನ್ನೊಬ್ಬನ ದನಿಗೆ ಹಿಮ್ಮೇಳ ಹಿಡಿದರೆ ಏನು ಸಿಕ್ಕೀತು? ಒಂದಂತೂ ಸಿಕ್ಕಿತು. 2024ರ ಕೊನೆಗೆ ಮೇಡನ್‌ನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಪ್ರವಾಸದಿಂದ ನಿವೃತ್ತನಾದಾಗ ಆ ಜಾಗಕ್ಕೆ ಬಂದವನು ಬ್ರಿಟಿಷ್ ಲಯನ್‌ನ ಸೈಮನ್ ಡಾಸನ್.

ಎರಡನೇ ಆಲ್ಬಂ ಮೊದಲು ಕೇಳಿ, ಆಮೇಲೆ ಮೊದಲನೆಯದಕ್ಕೆ ಬನ್ನಿ. ಆಗ ಗೋಡೆಯೊಳಗಿನ ಟೇಲರ್ ಕೂಡ ಕೇಳಿಸ್ತಾನೆ.