ಮುಳುಗುವ ಊರಿನ ಅಜ್ಜಿ

ಚಲನಚಿತ್ರೋತ್ಸವಗಳ ಕೈಪಿಡಿಯಲ್ಲಿ ‘ಆಫ್ರಿಕಾದ ಸಿನಿಮಾ’ ಎಂಬ ವಿಭಾಗ ಕಂಡಾಗಲೆಲ್ಲ ನಮಗೆ ಸ್ವಲ್ಪ ಕಸಿವಿಸಿ. ಐವತ್ತಕ್ಕೂ ಹೆಚ್ಚು ದೇಶಗಳು, ಲೆಕ್ಕಕ್ಕೆ ಸಿಗದಷ್ಟು ಭಾಷೆಗಳು. ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಐದಾರು ಚಿತ್ರ ತೋರಿಸಿದರೆ ಒಂದು ಖಂಡದ ಬಾಕಿ ತೀರಿದಂತೆ. ‘ಮುಸ್ಲಿಂ ಕತೆ’ ಎಂಬ ಹಣೆಪಟ್ಟಿಯಡಿ ಮಾತ್ರ ಓದಿಸಿಕೊಂಡು ಬಂದ ನಮ್ಮಂಥ ಕತೆಗಾರರಿಗೆ ಈ ಪೊಟ್ಟಣದ ಕಷ್ಟ ಗೊತ್ತು.

ಹಾಗೆ ಕಟ್ಟದೆ ತೋರಿಸಿದ ಒಂದು ಚಿತ್ರವನ್ನು ನಾವು ನೋಡಿದ್ದು 2021ರ ಫೆಬ್ರವರಿಯಲ್ಲಿ. ಕೇರಳದ 25ನೇ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ಕೊರೊನಾ ಕಾರಣದಿಂದ ತಿರುವನಂತಪುರ, ಕೊಚ್ಚಿ, ತಲಶ್ಶೇರಿ, ಪಾಲಕ್ಕಾಡ್ ಎಂದು ನಾಲ್ಕು ಊರುಗಳಿಗೆ ಹಂಚಿಹೋಗಿತ್ತು. ಮಾದಾಪುರದವರಾದ ನಮಗೆ ಬೆಂಗಳೂರಿಗಿಂತ ತಲಶ್ಶೇರಿ ಹತ್ತಿರ. ಮಡಿಕೇರಿ, ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದರಾಯಿತು. (ಇಳಿಯುವುದು ಸುಲಭ. ಮರಳುವಾಗ ಗಡಿಯಲ್ಲಿ ಆರ್‌ಟಿಪಿಸಿಆರ್ ವರದಿ ತೋರಿಸಬೇಕಿದ್ದ ದಿನಗಳವು.)

ಚಿತ್ರದ ಹೆಸರು ‘ದಿಸ್ ಈಸ್ ನಾಟ್ ಎ ಬರಿಯಲ್, ಇಟ್ಸ್ ಎ ರೆಸರಕ್ಷನ್’. ಇದು ದಫನವಲ್ಲ, ಪುನರುತ್ಥಾನ ಎಂದರ್ಥ. ಲೆಸೊಥೊ ಎಂಬ ಪುಟ್ಟ ಬೆಟ್ಟದ ದೇಶದ ಲೆಮೊಹಾಂಗ್ ಜೆರೆಮಾಯಾ ಮೊಸೆಸೆ 2019ರಲ್ಲಿ ಮಾಡಿದ್ದು. ಸ್ಪರ್ಧಾ ವಿಭಾಗದಲ್ಲಿ ಬೇರೆ ದೇಶಗಳ ಚಿತ್ರಗಳ ಸಾಲಿನಲ್ಲಿ ನಿಂತು ಅದು ಆ ವರ್ಷದ ಸುವರ್ಣ ಚಕೋರ ಗೆದ್ದಿತು.

ಕತೆ ಇಷ್ಟೆ. ಎಂಬತ್ತರ ವಿಧವೆ ಮಾಂತೊಆಗೆ ಉಳಿದಿದ್ದ ಒಬ್ಬ ಮಗನೂ ಗಣಿಯಲ್ಲಿ ಸತ್ತ. ಇನ್ನು ತನ್ನ ಸಾವಷ್ಟೇ ಬಾಕಿ ಎಂದುಕೊಂಡು ಆಕೆ ಗೋರಿಗೆ ಸಿದ್ಧತೆ ಮಾಡುತ್ತಿರುವಾಗ ಸುದ್ದಿ ಬರುತ್ತದೆ: ಅಣೆಕಟ್ಟೆಗಾಗಿ ಊರು, ಊರಿನ ಗೋರಿಗಳ ಸಮೇತ, ಮುಳುಗಲಿದೆ. ಲೆಸೊಥೊದ ಬೆಟ್ಟಗಳಲ್ಲಿ ಕಟ್ಸೆ, ಮೊಹಾಲೆ ಅಣೆಕಟ್ಟೆಗಳು ನಿಜವಾಗಿಯೂ ಇವೆ. ಅಲ್ಲಿಯ ನೀರು ಸುರಂಗಗಳಲ್ಲಿ ಹರಿದು ದಕ್ಷಿಣ ಆಫ್ರಿಕಾದ ನಗರಗಳಿಗೆ ಹೋಗುತ್ತದೆ. ಮಳೆ ಒಬ್ಬರ ಬೆಟ್ಟದಲ್ಲಿ, ನಲ್ಲಿ ಇನ್ನೊಬ್ಬರ ಮನೆಯಲ್ಲಿ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಂತೊಆ ಆಗಿ ನಟಿಸಿದ ಮೇರಿ ತ್ವಾಲಾ 2020ರಲ್ಲಿ ತೀರಿಕೊಂಡರು. ಮನೆ ಸುಟ್ಟುಹೋದ ಮೇಲೆ ಕರಕಲಾದ ಮಂಚದ ಮೇಲೆ ಆಕೆ ಕೂತಿರುತ್ತಾರೆ. ಸುತ್ತ ಕುರಿಗಳು ಬಂದು ನಿಲ್ಲುತ್ತವೆ. ಮಾತಿಲ್ಲ. ಆ ಮುಖದ ಸುಕ್ಕುಗಳನ್ನು ನೋಡುತ್ತ ಉರ್ದು ಶಾಲೆಯಲ್ಲಿ ಕಲಿತ ನಮಗೆ ಬಹಾದ್ದೂರ್ ಶಾ ಜಫರ್ ನೆನಪಾದ. 1862ರಲ್ಲಿ ರಂಗೂನಿನ ಸೆರೆಯಲ್ಲಿ ಸತ್ತ ಬಾದಶಹನ ಗೋರಿಯನ್ನು ಗುರುತೇ ಸಿಗದಂತೆ ಮಾಡಿದ್ದರು. ಅದು ಪತ್ತೆಯಾದದ್ದು 1991ರಲ್ಲಿ. ಆಳುವವರಿಗೆ ಬದುಕಿದ್ದವರಷ್ಟೇ ಸತ್ತವರ ಭಯವೂ ಇರುತ್ತದೇನೋ.

ಆದರೂ ನಮ್ಮ ತಕರಾರು ಒಂದಿದೆ. ಮೊಸೆಸೆಗೆ ಚೌಕಟ್ಟಿನ ಮೋಹ ಜಾಸ್ತಿ. ಒಂದೊಂದು ದೃಶ್ಯವೂ ಗೋಡೆಗೆ ತೂಗುಹಾಕುವ ಚಿತ್ರದಂತಿದೆ. ಕತೆ ಹೇಳುವ ಮುದುಕನ ಮಾತು ಗಾದೆಗಳ ಭಾರದಿಂದ ಕುಸಿಯುತ್ತದೆ. ಊರು ಬಿಡಲು ಒಪ್ಪಿದವರ ಬಾಯಿಯಿಂದ ಮಾತ್ರ ಹೆಚ್ಚು ಮಾತು ಬರುವುದಿಲ್ಲ. ಅವರಿಗೆ ಏನು ಸಿಕ್ಕಿತು, ಯಾಕೆ ಒಪ್ಪಿದರು? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ರಸ್ತೆ ತುಂಡಾದುದನ್ನು ಕಂಡ ನಾವು ಈ ಪ್ರಶ್ನೆ ಕೇಳದೆ ಇರಲಾರೆವು. ಮನೆ ಕಳೆದುಕೊಂಡವರಿಗೆ ಇಲ್ಲೇ ಹತ್ತಿರದ ಜಂಬೂರಿನಲ್ಲಿ 2020ರಲ್ಲಿ ಹೊಸ ಮನೆಗಳು ಸಿಕ್ಕವು. ರಾತ್ರಿ ಮಳೆ ಸುರಿಯುವಾಗ ನಿದ್ದೆ ಬರುವ ಮನೆ ಬೇಕು ಎನ್ನುವವರು ತಮ್ಮ ಹಿರಿಯರಿಗೆ ದ್ರೋಹ ಬಗೆದವರೇನಲ್ಲ. ಗೋರಿಯ ಪಕ್ಷದಲ್ಲಿ ನಿಂತ ಚಿತ್ರ, ತೊಟ್ಟಿಲಿನ ಪಕ್ಷವನ್ನೂ ಸ್ವಲ್ಪ ಕೇಳಬೇಕಿತ್ತು.

ಈ ವಿಷಯದಲ್ಲಿ ಮಾರಿಟೇನಿಯಾದ ಅಬ್ದುರ್ರಹಮಾನ್ ಸಿಸಾಕೊ ದೊಡ್ಡವನು. ಅವನ ‘ಟಿಂಬಕ್ಟು’ (2014) ಚಿತ್ರದಲ್ಲಿ ಬಂದೂಕು ಹಿಡಿದು ಊರನ್ನಾಳುವವರಿಗೂ ಮನುಷ್ಯರ ಗೊಂದಲಗಳಿವೆ. ಫುಟ್‌ಬಾಲ್ ನಿಷೇಧವಾದಾಗ ಹುಡುಗರು ಚೆಂಡಿಲ್ಲದೆಯೇ ಆಡುತ್ತಾರೆ. ಚಪ್ಪಲಿ, ಕೋವಿ ಸಮೇತ ಮಸೀದಿಗೆ ನುಗ್ಗಿದವರಿಗೆ ಎದುರು ಮಾತಾಡುವವನು ಅದೇ ಊರಿನ ಇಮಾಮ. ಟಿವಿಯಲ್ಲಿ ನಾವು ಆ ಇಮಾಮನನ್ನು ಎಷ್ಟು ಸಲ ನೋಡಿದ್ದೇವೆ?

ಈ ಚಿತ್ರಗಳು ತಲುಪಬೇಕಾದವರನ್ನು ತಲುಪುವುದೇ ಇಲ್ಲವೆಂಬುದು ಹಳೆಯ ದೂರು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಹಳ್ಳಿಯವರನ್ನು ಕೂರಿಸಿ ಜಗತ್ತಿನ ಸಿನಿಮಾ ತೋರಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಮುಂದುವರಿಸುವುದಿಲ್ಲ. ಸೆಸೊಥೊ ಮಾತಿಗೆ ಇಂಗ್ಲಿಷ್ ಅಡಿಬರಹವಿದ್ದರೆ ಸೋಮವಾರಪೇಟೆಯ ಸಂತೆಗೆ ಬರುವ ಅಜ್ಜಿಗೆ ಎರಡೂ ಒಂದೇ.

ಆದ್ದರಿಂದ ತಲಶ್ಶೇರಿಯಿಂದ ಬಂದ ಮೇಲೆ ನಾವು ಕತೆಯನ್ನು ಬಾಯಲ್ಲೇ ಹೇಳಿದೆವು. ಗುಡ್ಡ ಬಿಟ್ಟು ಹೊಸ ಮನೆಗೆ ಬಂದಿದ್ದ ಪರಿಚಯದ ಅಜ್ಜಿಯೊಬ್ಬರು ಎಲೆಯಡಿಕೆ ಮೆಲ್ಲುತ್ತ ಪೂರ್ತಿ ಕೇಳಿದರು. ಊರವರೆಲ್ಲ ಗಂಟುಮೂಟೆ ಹೊತ್ತು ಹೊರಟಾಗ ಮಾಂತೊಆ ಒಬ್ಬಳೇ ಉಟ್ಟ ಬಟ್ಟೆ ಕಳಚುತ್ತ ತಿರುಗಿ ನಡೆಯುವ ಕೊನೆಯನ್ನು ಹೇಗೆ ಹೇಳುವುದೆಂದು ನಾವು ತಡವರಿಸಿದೆವು. ಅವರಿಗೆ ಅದರಿಂದ ಮುಜುಗರವೇನೂ ಆಗಲಿಲ್ಲ.

“ಅದಿರಲಿ ಮಗಾ, ಅವಳನ್ನು ಕಡೆಗೆ ಎಲ್ಲಿ ಹೂತರು?” ಎಂದರು.

ಚಿತ್ರ ಅದನ್ನು ಹೇಳುವುದಿಲ್ಲ.