ಕೇಳುವ ವೈದ್ಯ, ಹೇಳುವ ಬೇನೆ

ದೇಹದ ಅಸ್ವಾಸ್ಥ್ಯಕ್ಕೆ ಕನ್ನಡದಲ್ಲಿ ಎರಡು ಹೆಸರುಗಳುಂಟು. ಒಂದು ರೋಗ, ಇನ್ನೊಂದು ಬೇನೆ. ಎರಡೂ ಒಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಭಾಷೆ ಎರಡು ಪದಗಳನ್ನು ಸುಮ್ಮನೆ ಸಾಕುವುದಿಲ್ಲ. ರೋಗವೆಂಬುದು ಶಾಸ್ತ್ರದ ಮಾತು. ಅದಕ್ಕೆ ಹೆಸರುಂಟು, ವರ್ಗವುಂಟು, ಲಕ್ಷಣವುಂಟು. ಬೇನೆ ‘ವೇದನೆ’ಯ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಎಂದರೆ ಅನುಭವಕ್ಕೆ ಬಂದದ್ದು, ಪಟ್ಟವನಿಗೆ ಮಾತ್ರ ತಿಳಿದದ್ದು. ರೋಗ ವೈದ್ಯನ ಪುಸ್ತಕದಲ್ಲಿರುತ್ತದೆ. ಬೇನೆ ರೋಗಿಯ ಮೈಯಲ್ಲಿರುತ್ತದೆ. ಇವೆರಡೂ ಒಂದನ್ನೊಂದು ಸಂಧಿಸಬೇಕಾದ ಸ್ಥಳ ಮಾತು.

ನಮ್ಮ ಬೀದರ ಸೀಮೆಯಲ್ಲಿ ಈ ಎರಡನೆಯ ಪದ ಇನ್ನೂ ಜೀವಂತವಾಗಿದೆ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ‘ಹೊಟ್ಟಿ ಬ್ಯಾನಿ’, ‘ಸಕ್ಕರಿ ಬ್ಯಾನಿ’ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ತಲೆ ತಿರುಗಿದರೆ ‘ಚಕ್ಕರ್’, ನಿತ್ರಾಣವಾದರೆ ‘ಕಮಜೋರಿ’, ಏನೆಂದು ಹೇಳಲಾಗದ ಕಷ್ಟಕ್ಕೆಲ್ಲ ‘ತ್ರಾಸ’. ಕನ್ನಡ, ಮರಾಠಿ, ಉರ್ದು ಮೂರೂ ಈ ಜನರ ನಾಲಗೆಯಲ್ಲಿ ಜಗಳವಿಲ್ಲದೆ ಒಕ್ಕಲಾಗಿವೆ. ಇದು ಕೆಟ್ಟ ಕನ್ನಡವೆಂದು ಮೂಗು ಮುರಿಯುವವರಿದ್ದಾರೆ. ಹಾಗೆ ಮುರಿದವರಲ್ಲಿ ನಾನೂ ಒಬ್ಬನಾಗಿದ್ದೆ. ಅದರ ಕಥೆಯನ್ನು ಹೇಳದೆ ಮುಂದಿನ ವಿಮರ್ಶೆಗೆ ಹೋಗುವುದು ಪ್ರಾಮಾಣಿಕವಾಗಲಾರದು.

ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆಯನ್ನು ದೂರದ ನಗರವೊಂದರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಕೆ ಹುಮನಾಬಾದ್ ಮತ್ತು ಬಸವಕಲ್ಯಾಣಗಳ ನಡುವಿನ ಹಳ್ಳಿಯವಳು. ಎಪ್ಪತ್ತರ ಹತ್ತಿರದ ಮುದುಕಿ. ತರುಣ ವೈದ್ಯರು ಏನಾಗುತ್ತದೆಂದು ಕೇಳಿದರು. ಆಕೆ, “ಎದಿ ಹಿಡದಂಗ ಆಗ್ತದ್ರೀ ಸಾಬ್, ಜೀವ ಕಸಿವಿಸಿ ಆಗ್ತದ” ಎಂದಳು. ವೈದ್ಯರಿಗೆ ಅರ್ಥವಾಗಲಿಲ್ಲ. “ಎದೆನೋವು ಇದೆಯಾ?” ಎಂದು ಮತ್ತೆ ಕೇಳಿದರು. ಆಕೆ, “ನೋವ್ ಇಲ್ರೀ” ಎಂದಳು. ಆಕೆಯ ಮಟ್ಟಿಗೆ ಅದು ಸತ್ಯ. ಕಲ್ಲು ತಾಗಿದರೆ ಆಗುವುದು ನೋವು. ಒಳಗಿನಿಂದ ಯಾರೋ ಹಿಡಿದಂತಾಗುವುದಕ್ಕೆ ಆಕೆಯ ಭಾಷೆಯಲ್ಲಿ ನೋವೆಂಬ ಹೆಸರಿಲ್ಲ. ಹೊರಗೆ ಸಾಲು ಬೆಳೆಯುತ್ತಿತ್ತು. ವೈದ್ಯರು ನನ್ನ ಕಡೆ ನೋಡಿದರು. ಕನ್ನಡದ ಅಧ್ಯಾಪಕನಾದ ನಾನು ಅತ್ತೆಯ ಒರಟು ಮಾತಿಗೆ ಸ್ವಲ್ಪ ನಾಚಿ ಅದನ್ನು ತಿದ್ದಿ ಒಪ್ಪಿಸಿದೆ: “ಎದೆ ಉರಿ ಸರ್, ಸ್ವಲ್ಪ ಸಂಕಟ.” ಉರಿಗೆ ಗುಳಿಗೆ ಬಂತು.

ಎರಡು ತಿಂಗಳು ಕಳೆದವು. ಒಂದು ದಿನ ಅತ್ತೆ ತಾನಾಗಿಯೇ ಹುಮನಾಬಾದಿನ ಒಬ್ಬ ಹಳೆಯ ವೈದ್ಯರಲ್ಲಿಗೆ ಹೋದಳು. ಆ ದಿನವೂ ನಾನು ಜೊತೆಗಿದ್ದೆ. ಅವರು ನನ್ನನ್ನು ಏನೂ ಕೇಳಲಿಲ್ಲ. ಆಕೆಯ ಕೈ ಹಿಡಿದುಕೊಂಡು, “ಆಯಿ, ಹೊಲಕ್ಕ ನಡಕೋತ ಹೋಗ್ತಿ ಏನು? ದಾರ್ಯಾಗ ಎಲ್ಲೆಲ್ಲಿ ಕೂಡ್ತಿ?” ಎಂದರು. ಅತ್ತೆಯ ಮುಖ ಅರಳಿತು. “ಹೋದ ವರ್ಷ ಎಲ್ಲೂ ಕೂಡ್ತಿದ್ದಿಲ್ರೀ. ಈಗ ಬಾವಿ ಬಲ್ಲಿ ಒಮ್ಮಿ, ಬೇವಿನ ಗಿಡದ ಬುಡಕ ಒಮ್ಮಿ ಕೂಡ್ತೀನಿ. ಎದಿ ಹಿಡೀತದ, ದಮ್ಮು ಹತ್ತತದ. ಕುಂತ್ರ ಬಿಡ್ತದ.” ವೈದ್ಯರಿಗೆ ಅಷ್ಟು ಸಾಕಾಯಿತು. ನಡೆದಾಗ ಹಿಡಿದು ಕುಳಿತಾಗ ಬಿಡುವ ಎದೆಯ ಬೇನೆ ಹೃದಯದ ರಕ್ತನಾಳಗಳದೆಂದು ಊಹಿಸಿ, ಅಂದೇ ಸೋಲಾಪುರಕ್ಕೆ ಕಳುಹಿಸಿದರು. ಊಹೆ ನಿಜವಾಯಿತು. ಆದರೆ ಆ ಎರಡು ತಿಂಗಳಲ್ಲಿ ಹೃದಯಕ್ಕೆ ಒಂದು ಪೆಟ್ಟು ಬಿದ್ದುಹೋಗಿತ್ತು. ಅತ್ತೆ ಮುಂದೆ ನಾಲ್ಕು ವರ್ಷ ಬದುಕಿದಳು. ಹೊಲಕ್ಕೆ ಮಾತ್ರ ಮತ್ತೆ ನಡೆದು ಹೋಗಲಿಲ್ಲ.

ತಪ್ಪು ಯಾರದು? ಆ ತರುಣ ವೈದ್ಯರದೇ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ರೋಗಿ ಸರಿಯಾದ ಮಾತನ್ನೇ ಆಡಿದ್ದಳು. ಆ ಮಾತನ್ನು ಅಳಿಸಿ ‘ಒಳ್ಳೆಯ ಕನ್ನಡ’ ಬರೆದವನು ನಾನು. ಅಂದಿನಿಂದ ನಮ್ಮ ಸಾಹಿತ್ಯದಲ್ಲಿ ಬೇನೆ ಹೇಗೆ ಮಾತನಾಡಿದೆ ಎಂದು ಹುಡುಕುವುದು ನನಗೊಂದು ಅಭ್ಯಾಸವಾಯಿತು.

ಹುಡುಕಾಟಕ್ಕೆ ದೂರ ಹೋಗಬೇಕಾಗಿಲ್ಲ; ಬಸವಕಲ್ಯಾಣದಿಂದಲೇ ಆರಂಭಿಸಬಹುದು. ಇಲ್ಲಿ ಆಳಿದ ಕಲ್ಯಾಣ ಚಾಲುಕ್ಯರ ವಂಶದ ಕೀರ್ತಿವರ್ಮ 12ನೆಯ ಶತಮಾನದ ಮೊದಲ ಭಾಗದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅದರಲ್ಲಿ ಔಷಧ ಒಂದು ಪಾಲು, ಮಂತ್ರ ಒಂದು ಪಾಲು. ಕಾವ್ಯದೃಷ್ಟಿಯಿಂದ ಅದಕ್ಕೆ ದೊಡ್ಡ ಸ್ಥಾನವಿಲ್ಲ. ಆದರೂ ಅದೇ ಕಲ್ಯಾಣದಲ್ಲಿ ‘ಮಿತಾಕ್ಷರಾ’, ‘ಮಾನಸೋಲ್ಲಾಸ’ಗಳಂಥ ಮಹಾಗ್ರಂಥಗಳು ಸಂಸ್ಕೃತದಲ್ಲಿ ಹುಟ್ಟಿದ ಕಾಲದಲ್ಲಿ ದನದ ವೈದ್ಯ ಕನ್ನಡದಲ್ಲಿ ಬಂದುದು ಗಮನಾರ್ಹ. ದನ ಕಾಯುವವನಿಗೆ ತಿಳಿಯಲಿ ಎಂಬ ಉದ್ದೇಶವಿದ್ದೀತೆಂದು ಊಹಿಸಬಹುದು. ಇನ್ನೂ ಒಂದು ವಿಚಾರವಿದೆ. ದನಕ್ಕೆ ಬಾಯಿಲ್ಲ. ಅದರ ವೈದ್ಯ ಮೇವು, ಮೆಲುಕು, ನಡಿಗೆ, ಕಣ್ಣು ಎಲ್ಲವನ್ನೂ ನೋಡಿ ತಿಳಿಯಬೇಕು, ಕಾಯುವವನನ್ನು ಕೇಳಬೇಕು. ಬಾಯುಳ್ಳ ರೋಗಿಯ ಮುಂದೆ ನಮ್ಮ ವೈದ್ಯರು ಅಷ್ಟು ಹೊತ್ತು ನಿಲ್ಲುವುದುಂಟೇ?

ಶರಣರಲ್ಲಿ ವೈದ್ಯ ಸಂಗಣ್ಣನಿದ್ದಾನೆ. ವೃತ್ತಿಯಿಂದ ವೈದ್ಯ; ರೋಗ, ಔಷಧ, ಪಥ್ಯ ಮುಂತಾದ ತನ್ನ ಕಾಯಕದ ಪರಿಭಾಷೆಯನ್ನೇ ಹಿಡಿದು ಭವರೋಗದ ಮಾತು ಆಡಿದನು. ಅವನ ವಚನಗಳು ಕೆಲವೇ ದೊರೆತಿವೆ. ನಿಜ ಹೇಳುವುದಾದರೆ ಅವು ಬಸವಣ್ಣ, ಅಲ್ಲಮರ ಎತ್ತರಕ್ಕೆ ಏರುವುದಿಲ್ಲ. ಪರಿಭಾಷೆಯ ಭಾರ ಅಲ್ಲಲ್ಲಿ ಕವಿತೆಯನ್ನು ಬಗ್ಗಿಸುತ್ತದೆ. ಅದಕ್ಕೆ ಕಾರಣವೂ ಹೊಳೆಯುತ್ತದೆ. ಅವುಗಳಲ್ಲಿ ಮಾತನಾಡುವವನು ವೈದ್ಯ. ರೋಗಿಯ ದನಿ ಮುಂದೆ ಬರುವುದಿಲ್ಲ.

ರೋಗಿಯ ದನಿ ಕೇಳಬೇಕಾದರೆ ಅಕ್ಕಮಹಾದೇವಿಯಲ್ಲಿಗೆ ಹೋಗಬೇಕು. ‘ಬೇನೆ’ ಎಂಬ ಪದವನ್ನೇ ಮುಂದಿಟ್ಟುಕೊಂಡು ಹುಟ್ಟಿದ ಆಕೆಯ ವಚನವೊಂದು ಕನ್ನಡಿಗರಿಗೆಲ್ಲ ಪರಿಚಿತ. ಪಡದವರಿಗೆ ಪಟ್ಟವರ ಬೇನೆ ತಿಳಿಯದು ಎಂಬುದು ಅದರ ಸಾರ. ಅಕ್ಕ ಹೇಳಿದ್ದು ವೈದ್ಯದ ವಿಚಾರವಾಗಿ ಅಲ್ಲ. ಆದರೂ ವೈದ್ಯಕ್ಕೆ ಇದಕ್ಕಿಂತ ಕಠಿನವಾದ ಸವಾಲನ್ನು ಯಾರೂ ಒಡ್ಡಿಲ್ಲ. ಹೆರದ ವೈದ್ಯ ಹೆರಿಗೆಯ ಬೇನೆಯನ್ನು, ಎಪ್ಪತ್ತಾಗದ ವೈದ್ಯ ಎಪ್ಪತ್ತರ ಎದೆಯನ್ನು ಅರಿಯುವುದು ಹೇಗೆ? ತಾನು ಪಡದುದನ್ನು ಅರಿಯಲು ಮನುಷ್ಯನಿಗೆ ಇರುವ ದಾರಿ ಒಂದೇ: ಕೇಳುವುದು.

‘ಕೇಳು’ ಎಂಬ ಧಾತುವಿನ ಸೊಗಸನ್ನು ಇಲ್ಲಿ ನೆನೆಯಬೇಕು. ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಕನ್ನಡ ಇವೆರಡನ್ನು ಬೇರೆಬೇರೆ ಕೆಲಸಗಳೆಂದು ಎಣಿಸಲಿಲ್ಲ. ಮೊದಲ ಅರ್ಥದಲ್ಲಿ ಕೇಳಿ ಎರಡನೆಯ ಅರ್ಥದಲ್ಲಿ ಕೇಳದವನು ಅರ್ಧ ಮಾತ್ರ ಕೇಳಿದಂತಾಯಿತು. 15ನೆಯ ಶತಮಾನದಲ್ಲಿ ಮೊದಲು ಸಂಕಲಿತವಾದ ‘ಶೂನ್ಯಸಂಪಾದನೆ’ಯ ಶಿಲ್ಪ ಇದೇ ಅಲ್ಲವೇ? ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ನಿಷ್ಠುರವಾಗಿ ಕೇಳುತ್ತಾನೆ. ಆದರೆ ಅವನ ಮುಂದಿನ ಪ್ರಶ್ನೆ ಆಕೆಯ ಹಿಂದಿನ ಉತ್ತರದಿಂದ ಹುಟ್ಟುತ್ತದೆ. ಪ್ರಶ್ನೆಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡವನ ಮಾತು ಅದಲ್ಲ. ಹುಮನಾಬಾದಿನ ಆ ಹಳೆಯ ವೈದ್ಯರು ‘ಶೂನ್ಯಸಂಪಾದನೆ’ ಓದಿದ್ದರೋ ಇಲ್ಲವೋ, ಬಾವಿ ಮತ್ತು ಬೇವಿನ ಮರಗಳವರೆಗೆ ನಡೆದ ಅವರ ಪ್ರಶ್ನೆ ಆ ಪರಂಪರೆಯದು.

ಇನ್ನು ಹೊಸಗನ್ನಡಕ್ಕೆ ಬರೋಣ. ಲೇಖನಿ ಹಿಡಿದ ವೈದ್ಯರು ನಮ್ಮಲ್ಲಿ ಕಡಿಮೆಯಲ್ಲ. ‘ರಾಶಿ’ ಎಂಬ ಹೆಸರಿನ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ ನಾಡನ್ನು ನಗಿಸಿದರು, ಅವರ ‘ಮನಮಂಥನ’ ಮನೋರೋಗದ ವಿಷಯವನ್ನು ಕನ್ನಡದ ಸಾಮಾನ್ಯ ವಾಚಕರ ಮುಂದಿಟ್ಟು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಗಳ ಉಪಕಾರವನ್ನು ಎಷ್ಟು ಹೇಳಿದರೂ ಸಾಲದು. ತಾಯಿಯ ಮುಂದೆಯೂ ಆಡಲಾರದ ಮಾತುಗಳಿಗೆ ಅವರು ಮರ್ಯಾದೆಯ ಕನ್ನಡವನ್ನು ಒದಗಿಸಿದರು. ಹೆಂಗಸರಿಗೆ ವೈದ್ಯರ ಮುಂದೆ ಬಾಯಿ ತೆರೆಯುವ ಧೈರ್ಯ ಬಂದುದರಲ್ಲಿ ಆ ಪುಸ್ತಕಗಳ ಪಾಲು ದೊಡ್ಡದು. ಆದರೆ ಇವರ ಹಿಂದೆ ಬಂದ ಆರೋಗ್ಯ ಸಾಹಿತ್ಯದ ಬಹುಭಾಗ ಉಪದೇಶವಾಗಿಬಿಟ್ಟಿದೆ. ಇದನ್ನು ತಿನ್ನಿ, ಅದನ್ನು ಬಿಡಿ, ಇಷ್ಟು ನಡೆಯಿರಿ. ಲೇಖಕ ಹೇಳುತ್ತಾನೆ, ವಾಚಕ ತಲೆದೂಗುತ್ತಾನೆ. ಪತ್ರಿಕೆಗಳ ವೈದ್ಯಕೀಯ ಪ್ರಶ್ನೋತ್ತರದ ಅಂಕಣದಲ್ಲಿ ಮಾತ್ರ ರೋಗಿಯ ಸ್ವಂತ ವಾಕ್ಯ ಒಮ್ಮೊಮ್ಮೆ ಕಾಣುತ್ತದೆ. ಅಲ್ಲಿಯೂ ನನ್ನಂಥ ಒಬ್ಬ ತಿದ್ದುವವನ ಕೈ ಅದರ ಮೇಲೆ ಆಡಿರುತ್ತದೆ.

ಈ ಭಾಗದಲ್ಲಿ ತೊಡಕು ಇನ್ನೂ ಹಳೆಯದು. 1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯವನ್ನೂ ಉರ್ದುವಿನಲ್ಲಿಯೇ ಕಲಿಸಿತು. ಆಧುನಿಕ ವೈದ್ಯಶಾಸ್ತ್ರವನ್ನು ಭಾರತೀಯ ಭಾಷೆಯಲ್ಲಿ ಹೇಳಲಾಗದೆಂಬ ವಾದಕ್ಕೆ ಅದು ಅಂದೇ ಉತ್ತರ ಕೊಟ್ಟಿತ್ತು. ಆದರೆ ಹಳ್ಳಿಯ ಒಕ್ಕಲಿಗನಿಗೆ ಅದೂ ಕಚೇರಿಯ ಭಾಷೆಯೇ ಆಗಿತ್ತು. ಉರ್ದು ಹೋಯಿತು, ಇಂಗ್ಲಿಷ್ ಬಂತು. ಚೀಟಿಯ ಲಿಪಿ ಬದಲಾಯಿತು, ರೋಗಿಯ ಮೌನ ಬದಲಾಗಲಿಲ್ಲ. ಇದೇ ನೆಲದಲ್ಲಿ ಬೇರೊಂದು ಮಾದರಿಯೂ ಇತ್ತೆಂಬುದನ್ನು ಮರೆಯಬಾರದು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಹುಮನಾಬಾದಿನಲ್ಲಿ ನೆಲೆಸಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಮುಂತಾದ ಹಲವು ಭಾಷೆಗಳಲ್ಲಿ ಹಾಡುಗಳನ್ನು ರಚಿಸಿದರು. ಎದುರಿಗೆ ಬಂದವನ ಭಾಷೆಗೆ ಇಳಿಯುವುದು ಅವರಿಗೆ ಕೀಳೆನಿಸಲಿಲ್ಲ.

ವೈದ್ಯರ ಪಕ್ಷದಲ್ಲಿಯೂ ನ್ಯಾಯವಿದೆ. ಅದನ್ನು ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ರೋಗಿ ತನ್ನ ಕಷ್ಟ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಎಂದರೆ ಇದು ನಮ್ಮ ಊರಿನ ದೋಷ ಮಾತ್ರವಲ್ಲ. ಹಲವು ದೇಶಗಳನ್ನು ಹೋಲಿಸಿದ 2017ರ ಇನ್ನೊಂದು ಅಧ್ಯಯನದಲ್ಲಿ, ಒಬ್ಬ ರೋಗಿಗೆ ದೊರೆಯುವ ವೈದ್ಯರ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷವಿದ್ದರೆ ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಸಾಲು ಬಾಗಿಲ ಹೊರಗೆ ಚಾಚಿದಾಗ ಬಾವಿ, ಬೇವಿನ ಮರಗಳನ್ನು ವಿಚಾರಿಸಲು ಯಾರಿಗೆ ಬಿಡುವು? 2019ರಿಂದ ನಮ್ಮ ದೇಶದ ವೈದ್ಯಕೀಯ ಪಠ್ಯಕ್ರಮದಲ್ಲಿ ವೃತ್ತಿಧರ್ಮದೊಡನೆ ‘ಸಂವಹನ’ವೂ ಪಾಠದ ವಿಷಯವಾಗಿದೆ, ಪ್ರವೇಶದ ಮೊದಲ ದಿನಗಳಲ್ಲಿ ಸ್ಥಳೀಯ ಭಾಷೆಯನ್ನು ಕಲಿಸುವ ಏರ್ಪಾಡೂ ಬಂದಿದೆ. ಇದು ಸ್ವಾಗತಾರ್ಹ. ಆದರೆ ಯಾವ ಸ್ಥಳದ ಭಾಷೆ? ಪಠ್ಯದಲ್ಲಿ ‘ಎದೆನೋವು’ ಕಲಿತ ವಿದ್ಯಾರ್ಥಿ ಬೀದರಕ್ಕೆ ಬಂದಾಗ ‘ಎದಿ ಹಿಡದಂಗ’ ಎಂಬುದನ್ನು ಯಾರಿಂದ ಕಲಿಯಬೇಕು?

ಇಲ್ಲಿ ಹೊಣೆ ನಮ್ಮ ಕಡೆಗೆ, ಕನ್ನಡದ ಅಧ್ಯಾಪಕರ ಕಡೆಗೆ, ತಿರುಗುತ್ತದೆ. ಜಾನಪದವೆಂದರೆ ಹಾಡು, ಕಥೆ, ಒಗಟು ಎಂದು ಬಗೆದು ಸಂಗ್ರಹಿಸಿದೆವು. ಆ ಹಾಡು ಹೇಳಿದ ಮುದುಕಿ ಕೆಮ್ಮಿದಾಗ ಆಡಿದ ಮಾತನ್ನು ಬರೆದುಕೊಳ್ಳಲಿಲ್ಲ. ಬಸವಕಲ್ಯಾಣ, ಹುಮನಾಬಾದುಗಳ ಕಾಲೇಜು ವಿದ್ಯಾರ್ಥಿಗಳು ತಂತಮ್ಮ ಮನೆಯ ಹಿರಿಯರನ್ನು ಕೇಳಿ, ಎರಡೂ ಅರ್ಥದಲ್ಲಿ ಕೇಳಿ, ಬೇನೆಯ ಪದಗಳನ್ನು ಕಲೆಹಾಕಿದರೆ ಒಂದು ವರ್ಷದೊಳಗೆ ಒಂದು ಚಿಕ್ಕ ಪದಕೋಶವಾದೀತು. ಯಾವ ಪದವನ್ನೂ ತಿದ್ದಬಾರದು. ಉರ್ದುವಿನಿಂದ ಬಂದದ್ದನ್ನು, ಮರಾಠಿಯಿಂದ ಬಂದದ್ದನ್ನು ತೆಗೆದುಹಾಕಬಾರದು. ಪ್ರತಿಯೊಂದು ಪದದ ಮುಂದೆ, ಅದನ್ನು ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುವಾಗ ಆಡುತ್ತಾರೆಂದು ಬರೆಯಬೇಕು. ಹೊಸದಾಗಿ ಬಂದ ವೈದ್ಯರ ಮೇಜಿನ ಮೇಲೆ ಅದೊಂದು ಪ್ರತಿ ಇದ್ದರೆ ಸಾಕು.

ಈ ವರ್ಷ ನನ್ನ ತರಗತಿಯಲ್ಲಿ ಈ ಕೆಲಸವನ್ನು ಆರಂಭಿಸಿದ್ದೇನೆ. ಪಟ್ಟಿಯ ಮೊದಲ ಸಾಲಿನಲ್ಲಿ ಅತ್ತೆಯ ಮಾತನ್ನು ಆಕೆ ಆಡಿದಂತೆಯೇ ಬರೆದಿದ್ದೇನೆ: ‘ಎದಿ ಹಿಡೀತದ. ಕುಂತ್ರ ಬಿಡ್ತದ.’ ಅದರ ಮುಂದೆ ಬಾವಿಯನ್ನೂ ಬೇವಿನ ಗಿಡವನ್ನೂ ಸೇರಿಸಿದ್ದೇನೆ.